ಫೋನು ನಮ್ಮದು, ಖಾತೆ ಯಾರದು?

ನಿನ್ನೆ ರಾತ್ರಿ ನಮ್ಮ ಹೊಲದಲ್ಲಿ 14 ಮಿ.ಮೀ. ಮಳೆ. ಆಶ್ಲೇಷ ಮಳೆ ಈ ಸಲ ಕೈ ಕೊಡಲಿಲ್ಲ. ರಾಗಿ ಪೈರು ಕುಂಟೆಗೆ ಬಂದಿದೆ, ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಎರಡೂ ಎದ್ದಿವೆ. ನೆಲ ಆರೋವರೆಗೂ ಕುಂಟೆ ಹಾಕೋ ಹಂಗಿಲ್ಲ, ಅದಕ್ಕೇ ಜಗಲಿ ಮೇಲೆ ಕೂತು ಇದನ್ನ ಬರೀತಿದೀನಿ.

ಇವತ್ತು ಬೆಳೆ ವಿಷಯ ಅಲ್ಲ, ಫೋನ್ ವಿಷಯ. ಹೊಲದ ಟಿಪ್ಪಣಿಯಲ್ಲಿ ಫೋನ್ ಯಾಕೆ ಬಂತು ಅನ್ನಬೇಡಿ. 2020ರಿಂದ ಬೆಳೆ ಸಮೀಕ್ಷೆ ನಾವೇ ಫೋನಲ್ಲಿ ಮಾಡಬೇಕು. ಕಿಸಾನ್ ಸಮ್ಮಾನ್ ಇ-ಕೆವೈಸಿಗೆ ಓಟಿಪಿ ಫೋನಿಗೇ ಬರೋದು. ಸರ್ವೆ ನಂಬರ್ ನೋಡೋಕೆ ದಿಶಾಂಕ್ ಆ್ಯಪ್, ಸಿಡಿಲು ನೋಡೋಕೆ ದಾಮಿನಿ ಆ್ಯಪ್. ನೇಗಿಲು ಮುರಿದರೆ ಪಕ್ಕದ ಮನೆಯೋರದ್ದು ಇಸ್ಕೊಂಡು ಕೆಲಸ ಮಾಡಬಹುದು. ಪಕ್ಕದ ಮನೆಯೋರ ಫೋನಿಗೆ ನಮ್ಮ ಓಟಿಪಿ ಬರುತ್ತಾ? ಹಂಗಾಗಿ ಫೋನು ಈಗ ನಮ್ಮ ಮುಟ್ಟುಗಳಲ್ಲಿ ಒಂದು. ಮುಟ್ಟು ಅಂದಮೇಲೆ ಅದರ ರಿಪೇರಿ ವಿಷಯ ನಮಗೆ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ, ಏಳು ವರ್ಷದ ಮಳೆ ಲೆಕ್ಕ ಕಳ್ಕೊಂಡೆ.

ಆಗಿದ್ದು ಹಿಂಗೆ. ನನ್ನದು 2018ರಲ್ಲಿ ತಗೊಂಡ ಫೋನು. ಬಹಳ ದಿನದಿಂದ ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಅಂತ ಕೇಳ್ತಾನೇ ಇತ್ತು, ನಾನು ಮುಟ್ಟಿರಲಿಲ್ಲ. ಹೋದ ತಿಂಗಳು ಮಗಳ ಮಗ ರಜಕ್ಕೆ ಬಂದೋನು ಒತ್ತಿಬಿಟ್ಟ. ಅರ್ಧ ಆಗೋಹೊತ್ತಿಗೆ ಕರೆಂಟ್ ಹೋಯ್ತು. ಬ್ಯಾಟರಿ ಹಳೇದು, ನಲವತ್ತು ತೋರಿಸ್ತಾ ಇದ್ದಂಗೇ ತಟ್ಟಂತ ಸೊನ್ನೆಗೆ ಬರೋ ಜಾತಿ. ಫೋನ್ ಆಫ್ ಆಯ್ತು. ಆಮೇಲೆ ಎಷ್ಟು ಸಲ ಆನ್ ಮಾಡಿದರೂ ಕಂಪನಿ ಹೆಸರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಗಾಣದ ಎತ್ತಿನ ಹಂಗೆ ಅಲ್ಲೇ ಸುತ್ತೋದು. ಹುಡುಗನನ್ನ ಬೈಯಲಿಲ್ಲ. ಅವನು ಒತ್ತಿದ್ದು ತಪ್ಪಲ್ಲ, ಚಾರ್ಜ್ ಪೂರ್ತಿ ಇಲ್ಲದೆ ಒತ್ತಬಾರದು ಅಂತ ಹೇಳದೆ ಇದ್ದದ್ದು ನಂದು.

ಪಟ್ಟಣದಲ್ಲಿ ಒಂದು ಮೊಬೈಲ್ ಅಂಗಡಿಗೆ ಕೊಟ್ಟೆ. ಅಲ್ಲಿನ ಹುಡುಗ ಎರಡು ಬಟನ್ ಒಟ್ಟಿಗೆ ಹಿಡಿದು ಏನೋ ಒತ್ತಿದ. ‘ಅಂಕಲ್, ರಿಸೆಟ್ ಮಾಡಿದೀನಿ, ಆದ್ರೂ ಬರ್ತಿಲ್ಲ, ಬೋರ್ಡ್ ಹೋಗಿದೆ’ ಅಂದ. ಮಾಡೋಕೆ ಮುಂಚೆ ನನ್ನ ಒಂದು ಮಾತು ಕೇಳಲಿಲ್ಲ. ರಿಸೆಟ್ ಅಂದ್ರೆ ಏನು ಅಂತ ನಾನೂ ಕೇಳಲಿಲ್ಲ.

ನಾನು ಮಳೆ ಅಳತೆ ಬರೆಯೋದು ಈ ಪೇಜ್ ಓದೋರಿಗೆಲ್ಲಾ ಗೊತ್ತು. 2018ರ ಮುಂಗಾರಿಂದ ಯಾವ ನಕ್ಷತ್ರದಲ್ಲಿ ಎಷ್ಟು ಮಿ.ಮೀ., ಯಾವತ್ತು ಬಿತ್ತನೆ, ಎಷ್ಟು ಸೇರು ಬೀಜ, ಯಾವತ್ತು ಕೊಯ್ಲು, ಎಲ್ಲಾ ಫೋನಿನ ನೋಟ್ಸಲ್ಲಿ ಇತ್ತು. ಫೋಟೋಗಳು ಮೆಮೊರಿ ಕಾರ್ಡಲ್ಲಿ ಇದ್ದವು, ಉಳಿದವು. ನೋಟ್ಸ್ ಫೋನಿನ ಒಳಗೇ ಇತ್ತು.

ಆಮೇಲೆ ಬೆಂಗಳೂರಿಗೆ ಹೋದಾಗ ಆ ಕಂಪನಿಯ ಸರ್ವಿಸ್ ಸೆಂಟರಿಗೂ ಹೋದೆ. ಟೋಕನ್ ತಗೊಂಡು ಒಂದೂವರೆ ಗಂಟೆ ಕೂತೆ. ಕೌಂಟರಿನ ಹೆಣ್ಣುಮಗಳು ಮಾಡೆಲ್ ನೋಡಿ, ‘ಸರ್ ಇದು ಓಲ್ಡ್ ಮಾಡೆಲ್, ಸಪೋರ್ಟ್ ಇಲ್ಲ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ’ ಅಂದಳು. ಹೊಸದಕ್ಕೆ 9,500 ರೂಪಾಯಿ. 2025-26ರ ಸಾಲಿನಲ್ಲಿ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ಇತ್ತು. ಅಂದ್ರೆ ಎರಡು ಕ್ವಿಂಟಾಲ್ ರಾಗಿ ಹೊತ್ಕೊಂಡು ಹೋಗಿ ಅಲ್ಲಿ ಇಳಿಸಬೇಕು. ಫೋನ್ ಬಿಚ್ಚಿ ಕೂಡ ನೋಡಲಿಲ್ಲ. ಜೇಬಿಗೆ ಹಾಕ್ಕೊಂಡು ಬಂದೆ.

ಅವತ್ತು ನಾನು ಬೆಂಗಳೂರಿಗೆ ಹೋಗಿದ್ದ ಮುಖ್ಯ ಕೆಲಸ ಬೇರೆ. ನಮ್ಮ ಭಜನಾ ಮಂಡಳಿ ಹಾರ್ಮೋನಿಯಂ ಎರಡು ಮನೆ ದನಿ ಹಿಡಿದಿತ್ತು, ತಿದಿಯಲ್ಲಿ ಗಾಳಿ ಸೋರ್ತಿತ್ತು. ಅದನ್ನ ಬಳೇಪೇಟೆಗೆ ತಗೊಂಡು ಹೋಗಬೇಕಿತ್ತು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಹೆಗಲ ಮೇಲೆ ಹಾರ್ಮೋನಿಯಂ ಇಟ್ಕೊಂಡು ನಡೆದೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಬಳೇಪೇಟೆ ಅಂದ್ರೆ ಬರೀ ಬಳೆ, ಮದುವೆ ಸೀರೆ ಅಲ್ಲ. ತಬಲ, ಮೃದಂಗ, ಪಿಟೀಲು, ಹಾರ್ಮೋನಿಯಂ ಮಾರೋ, ರಿಪೇರಿ ಮಾಡೋ ಅಂಗಡಿಗಳೂ ಅಲ್ಲೇ. ನಮ್ಮ ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗಿಂದ ಬಂದ ಪೇಟೆಗಳು ಇವು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ ಅಂತ ಹೆಸರೆಲ್ಲಾ ನಾವು ಬೆಳೆದದ್ದರದ್ದೇ. ಮಾಲು ಮಾರೋ ಜಾಗದಲ್ಲೇ ಮುಟ್ಟು ರಿಪೇರಿ ಮಾಡಿಸ್ಕೊಂಡು ಹೋಗೋದು ಮೊದಲಿಂದ ನಡೆದು ಬಂದದ್ದು.

ಹಾರ್ಮೋನಿಯಂ ಅಂಗಡಿ ಹಿರಿಯರು ನನ್ನೆದುರಿಗೇ ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗಿನ ಹಿತ್ತಾಳೆ ನಾಲಿಗೆಗಳನ್ನ ತೋರಿಸಿದರು. ಎರಡರಲ್ಲಿ ಧೂಳು ಕೂತಿತ್ತು, ಒಂದು ಸವೆದಿತ್ತು. ನಾಲಿಗೆ ಬದಲಾಯಿಸಿ, ಕೆರೆದು, ಶ್ರುತಿ ನೋಡಿ, ತಿದಿಗೆ ಹೊಸ ಚರ್ಮ ಅಂಟಿಸ್ತೀನಿ, ಸಂಜೆ ಬನ್ನಿ ಅಂದರು. ಆ ಪೆಟ್ಟಿಗೆ ನಮ್ಮಪ್ಪನ ಕಾಲದ್ದು, ನಲವತ್ತು ವರ್ಷದ ಮೇಲಾಗಿದೆ. ‘ಮಾಡೆಲ್ ಹಳೇದು’ ಅನ್ನೋ ಮಾತೇ ಬರಲಿಲ್ಲ. ನಾನು ಸುಮ್ಮನಿರದೆ ಫೋನ್ ಕಥೆ ಹೇಳಿದೆ. ನಕ್ಕರು. ‘ಹಿಂದಿನ ಗಲ್ಲೀಲಿ ಮಹಡಿ ಮೇಲೆ ಒಬ್ಬ ಇದಾನೆ, ತೋರಿಸಿ. ಆಗಲ್ಲ ಅಂದ್ರೆ ಆಗಲ್ಲ ಅಂತಾನೆ, ಸುಳ್ಳು ಹೇಳಲ್ಲ’ ಅಂದರು.

ಕಡಿದಾದ ಮೆಟ್ಟಿಲು ಹತ್ತಿದರೆ ಎತ್ತಿನ ಗಾಡಿ ಅಗಲದ ಒಂದು ರೂಮು. ಮೂವತ್ತೈದು ವಯಸ್ಸಿನವನು ಒಬ್ಬ, ಒಂದು ಕಂಪ್ಯೂಟರ್, ಗೋಡೆ ತುಂಬಾ ವೈರು. ಫೋನ್ ತಗೊಂಡು ಎರಡು ಸಲ ಆನ್ ಮಾಡಿ ನೋಡಿದ. ‘ಯಜಮಾನ್ರೆ, ಬೋರ್ಡ್ ಹೋಗಿಲ್ಲ. ಬೋರ್ಡ್ ಹೋಗಿದ್ರೆ ಹೆಸರೇ ಬರ್ತಿರಲಿಲ್ಲ. ಸಾಫ್ಟ್‌ವೇರ್ ಅರ್ಧಕ್ಕೆ ನಿಂತಿದೆ ಅಷ್ಟೇ. ಆದ್ರೆ ಇದನ್ನ ಯಾರೋ ರಿಸೆಟ್ ಮಾಡಿದಾರಲ್ಲ?’ ಅಂದ. ಹೌದು ಅಂದೆ. ತಲೆ ಅಲ್ಲಾಡಿಸಿದ.

ಅವನು ಬಿಡಿಸಿ ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ಇದು ಎಲ್ಲಾರಿಗೂ ಗೊತ್ತಿರಬೇಕು. ಫೋನಿನ ಒಳಗಿನ ಜಾಗ ಒಂದೇ ಹಾಲ್ ಅಲ್ಲ, ಬೇರೆ ಬೇರೆ ಕೋಣೆ. ಒಂದು ಕೋಣೆಯಲ್ಲಿ ಕಂಪನಿ ತುಂಬಿಸಿ ಕಳಿಸಿದ ಸಾಫ್ಟ್‌ವೇರ್ ಇರುತ್ತೆ, ಅದನ್ನೇ ಫರ್ಮ್‌ವೇರ್ ಅನ್ನೋದು. ಫೋನ್ ಎಚ್ಚರ ಆಗೋದು, ಪರದೆ ಬೆಳಗೋದು, ಸಿಮ್ ಹಿಡಿಯೋದು ಎಲ್ಲಾ ಅದರಿಂದ. ಇನ್ನೊಂದು ಕೋಣೆ ನಮ್ಮದು: ಫೋಟೋ, ನೋಟ್ಸ್, ವಾಟ್ಸ್‌ಆ್ಯಪ್. ರಿಸೆಟ್ ಅಂದ್ರೆ ನಮ್ಮ ಕೋಣೆ ಗುಡಿಸಿ ಖಾಲಿ ಮಾಡೋದು. ನನ್ನ ಫೋನಲ್ಲಿ ಕೆಟ್ಟಿದ್ದು ಕಂಪನಿ ಕೋಣೆ. ಪಟ್ಟಣದ ಹುಡುಗ ಖಾಲಿ ಮಾಡಿದ್ದು ನನ್ನ ಕೋಣೆ. ಒಲೆ ಉರೀತಿಲ್ಲ ಅಂತ ಕಣಜ ಬರಿದು ಮಾಡಿದ ಹಂಗಾಯ್ತು. ಒಲೆ ಆಮೇಲೂ ಉರೀಲಿಲ್ಲ.

‘ಮೊದಲೇ ಇಲ್ಲಿಗೆ ತಂದಿದ್ರೆ ನಿಮ್ಮ ಕೋಣೆ ಮುಟ್ಟದೆ ಬರೀ ಕಂಪನಿ ಕೋಣೆ ತುಂಬಿಸಿ ನೋಡಬಹುದಿತ್ತು. ಗ್ಯಾರಂಟಿ ಇಲ್ಲ, ಆದ್ರೆ ನೋಡಬಹುದಿತ್ತು’ ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತೆ.

ಕೆಲಸ ಹೆಂಗೆ ಮಾಡ್ತೀಯಾ ನೋಡ್ತೀನಿ ಅಂತ ಪಕ್ಕದಲ್ಲೇ ಕೂತೆ. ಮೊದಲು ಪೂರ್ತಿ ಮಾಡೆಲ್ ನಂಬರ್ ಹುಡುಕಿದ. ಜಾಹೀರಾತಿನ ಹೆಸರಲ್ಲ, ಸ್ಟಿಕ್ಕರ್ ಮೇಲಿನ ನಂಬರ್. ಒಂದೇ ಹೆಸರಲ್ಲಿ ಮಾರೋ ಫೋನಿನ ಒಳಗೆ ಬೇರೆ ಬೇರೆ ಚಿಪ್ ಇರಬಹುದಂತೆ, ತಪ್ಪು ಫೈಲ್ ಹಾಕಿದರೆ ಫೋನ್ ಪೂರ್ತಿ ಸಾಯಬಹುದಂತೆ. ನಾವು ಬೀಜದಂಗಡೀಲಿ ಬರೀ ರಾಗಿ ಕೊಡಿ ಅಂತೀವಾ? ಜಿಪಿಯು-28 ಬೇಕಾ, ಎಂಎಲ್-365 ಬೇಕಾ ಅಂತ ನೋಡ್ತೀವಲ್ಲ, ಹಂಗೆ. ನನ್ನದು ಮೀಡಿಯಾಟೆಕ್ ಚಿಪ್. ಅದಕ್ಕೆ ಎಸ್‌ಪಿ ಫ್ಲ್ಯಾಶ್ ಟೂಲ್ ಅಂತ ಒಂದು ಸಾಫ್ಟ್‌ವೇರ್. ಸ್ಯಾಮ್‌ಸಂಗ್ ಫೋನಾದರೆ ಓಡಿನ್ ಅಂತ ಬೇರೆ ಇದೆ. ಫೈಲಿನ ಜೊತೆ ಯಾವ ಕೋಣೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅನ್ನೋ ಒಂದು ನಕ್ಷೆ ಬರುತ್ತೆ, ಅದಕ್ಕೆ ಸ್ಕ್ಯಾಟರ್ ಫೈಲ್ ಅಂತಾರೆ. ನನಗಂತೂ ಹೊಲದ ಟಿಪ್ಪಣಿ, ಚಕ್ಕುಬಂದಿ ನೋಡಿದಂಗಾಯ್ತು.

ಅಲ್ಲಿ ‘ಡೌನ್‌ಲೋಡ್ ಓನ್ಲಿ’ ಅಂತ ಒಂದು, ‘ಫಾರ್ಮ್ಯಾಟ್ ಆಲ್’ ಅಂತ ಒಂದು ಇರುತ್ತೆ. ಎರಡನೇದು ಒತ್ತಿದರೆ ಎಲ್ಲಾ ಕೋಣೆ ನೆಲಸಮ, ಐಎಂಇಐ ನಂಬರ್ ಇರೋ ಕೋಣೆ ಸಮೇತ. ಆಮೇಲೆ ಫೋನ್ ಆನ್ ಆದರೂ ಸಿಮ್ ಕೆಲಸ ಮಾಡಲ್ಲ. ಆಗ ಕೆಲವರು ಯಾವುದೋ ಬೇರೆ ನಂಬರ್ ಬರೆದು ಕೊಡ್ತಾರೆ. ಅದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇಂಥದ್ದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಇವನು ಮೊದಲನೇದನ್ನ ಒತ್ತಿದ. ಫೋನ್ ಆಫ್ ಮಾಡಿ, ವಾಲ್ಯೂಮ್ ಬಟನ್ ಹಿಡಿದು ವೈರ್ ಚುಚ್ಚಿದ. ಕೆಂಪು ಗೆರೆ ಓಡಿತು, ಆಮೇಲೆ ಹಳದಿ ಗೆರೆ ನಿಧಾನಕ್ಕೆ ತುಂಬಿತು, ಕೊನೆಗೆ ಹಸಿರು ಟಿಕ್ ಬಂತು. ಹತ್ತು ನಿಮಿಷ ಆಗಿರಬಹುದು. ಫೋನ್ ಎದ್ದಿತು. ಬೋರ್ಡ್ ಹೋಗಿದೆ ಅಂತ ಒಬ್ಬರು, ಸಪೋರ್ಟ್ ಇಲ್ಲ ಅಂತ ಒಬ್ಬರು ಕೈಬಿಟ್ಟ ಫೋನು, 350 ರೂಪಾಯಿಗೆ.

ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಭಾಷೆ ಕೇಳ್ತು, ವೈಫೈ ಕೇಳ್ತು, ಆಮೇಲೆ ‘ಈ ಫೋನಲ್ಲಿ ಮೊದಲು ಇದ್ದ ಗೂಗಲ್ ಖಾತೆ ಹಾಕಿ’ ಅಂತು. ನನಗೆ ಜೀಮೇಲ್ ಇದೆ ಅನ್ನೋದೇ ಮರೆತು ಹೋಗಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಈ ಬೀಗ ಇದೆಯಂತೆ. ಕದ್ದ ಫೋನನ್ನ ರಿಸೆಟ್ ಮಾಡಿ ಮಾರಬಾರದು ಅಂತ ಇಟ್ಟಿರೋದು. ಒಳ್ಳೇ ಉದ್ದೇಶ. ಇದನ್ನ ಮುರಿದು ಕೊಡು ಅಂದೆ. ‘ಬಿಲ್ ಇದೆಯಾ?’ ಅಂದ. ಇಲ್ಲ. ‘ಹಂಗಾದ್ರೆ ಮುಟ್ಟಲ್ಲ ಯಜಮಾನ್ರೆ. ನೀವು ಒಳ್ಳೇವರೇ ಇರಬಹುದು, ನಾಳೆ ಇನ್ನೊಬ್ಬ ಬರ್ತಾನೆ’ ಅಂದ. ಕೋಪ ಬಂತು, ಆಮೇಲೆ ಯೋಚನೆ ಮಾಡಿದರೆ ಅವನು ಮಾಡಿದ್ದೇ ಸರಿ.

ಆ ಖಾತೆ ಮಾಡಿದ್ದು ಯಾರು? ಫೋನ್ ತಗೊಂಡ ದಿನ ಅಂಗಡಿ ಹುಡುಗ. ‘ಕೊಡಿ ಅಣ್ಣ, ಎಲ್ಲಾ ಸೆಟ್ ಮಾಡಿ ಕೊಡ್ತೀನಿ’ ಅಂದಿದ್ದ. ಆ ಅಂಗಡಿ ಮುಚ್ಚಿ ನಾಲ್ಕು ವರ್ಷ ಆಯ್ತು. ಹುಡುಗ ಈಗ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದಾನೆ. ರಿಪೇರಿಯವನ ಫೋನಿಂದಲೇ ಊರಿಗೆ ಮಾಡಿ, ಮೂರು ಮನೆ ದಾಟಿ ಅವನ ನಂಬರ್ ಹಿಡಿದೆ. ಏಳು ವರ್ಷದ ಹಿಂದಿನ ಪಾಸ್‌ವರ್ಡ್ ಎಲ್ಲಿ ನೆನಪಿರುತ್ತೆ ಅನ್ಕೊಂಡೇ ಕೇಳಿದೆ. ಅವನು ಒಂದು ನಿಮಿಷವೂ ಯೋಚನೆ ಮಾಡಲಿಲ್ಲ. ‘ಅಣ್ಣ, ನಾನು ಎಲ್ಲಾರಿಗೂ ಒಂದೇ ಇಡ್ತಿದ್ದೆ’ ಅಂತ ಊರಮ್ಮನ ಹೆಸರು, ಅದರ ಮುಂದೆ ಮೂರು ಅಂಕಿ ಹೇಳಿದ. ನನ್ನ ಹೆಸರಿಗೆ ಹುಟ್ಟಿದ ವರ್ಷ ಸೇರಿಸಿ ಜೀಮೇಲ್ ವಿಳಾಸ ಮಾಡಿದ್ದೂ ಅವನೇ ಹೇಳಿದ. ಹಾಕಿದೆ. ಬೀಗ ತೆರೀತು.

ರಿಪೇರಿಯವನು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಬಸ್ಸಲ್ಲಿ ಕೂತಮೇಲೆ ನಗು ನಿಂತು ಹೋಯ್ತು. ಎಲ್ಲಾರಿಗೂ ಒಂದೇ ಅಂದ್ರೆ, ಆ ಅಂಗಡೀಲಿ ಫೋನ್ ತಗೊಂಡ ಅರ್ಧ ಊರಿಗೆ ಒಂದೇ ಬೀಗದ ಕೈ. ಹುಡುಗ ಒಳ್ಳೆಯವನು, ಅದಕ್ಕೇ ಏನೂ ಆಗಿಲ್ಲ. ಆ ಖಾತೆ ಒಳಗೆ ನಮ್ಮ ಫೋಟೋ, ನಂಬರುಗಳು, ಕೆಲವರದ್ದು ಬ್ಯಾಂಕ್ ಪತ್ರವೂ ಇರುತ್ತೆ. ಪಹಣೀಲಿ ಹೆಸರು ಒಂದಕ್ಷರ ತಪ್ಪಾದರೆ ನಾಡಕಚೇರಿಗೆ ಹತ್ತು ಸಲ ಅಲೀತೀವಿ. ಅಣ್ಣತಮ್ಮಂದಿರಲ್ಲೇ ಖಾತೆ ಯಾರ ಹೆಸರಿಗೆ ಅಂತ ಕೋರ್ಟಿಗೆ ಹೋಗ್ತೀವಿ. ದಿನಾ ಜೇಬಲ್ಲಿ ಇಟ್ಕೊಳ್ಳೋ ಫೋನಿನ ಖಾತೆ ಯಾರ ಕೈಲಿದೆ ಅಂತ ಒಂದು ದಿನ ಕೇಳಿಲ್ಲ. ಅನುಭವ ನಮ್ಮದು, ಖಾತೆ ಬೇರೆಯವರದ್ದು. ಇದರಲ್ಲಿ ಕಂಪನಿ ತಪ್ಪೂ ಇಲ್ಲ, ಸರ್ಕಾರದ ತಪ್ಪೂ ಇಲ್ಲ. ನಮ್ಮದೇ ಉದಾಸೀನ.

ಈಗ ಕಂಪನಿ, ಸರ್ಕಾರದ ಪಾಲಿಗೆ ಬರ್ತೀನಿ. ನನ್ನ ಫೋನಿಗೆ ಬೇಕಾಗಿದ್ದು ಕಂಪನಿಯೇ ಮಾಡಿದ ಒಂದು ಫೈಲು, ಹತ್ತು ನಿಮಿಷ. ಅದನ್ನ ಕಂಪನಿ ಕೊಡಲಿಲ್ಲ, ಮಹಡಿ ಮೇಲಿನ ಹುಡುಗ ಎಲ್ಲೆಲ್ಲೋ ಹುಡುಕಿ ಇಟ್ಕೊಂಡಿದ್ದ. ಇದು ಸರೀನಾ? 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಪ್ರಕಾರ, ಹಕ್ಕು ನೋಂದಾಯಿಸಿದ ತಳಿ ಆದರೂ ನಾವು ಬೆಳೆದ ಬೀಜವನ್ನ ಇಟ್ಕೋಬಹುದು, ಮತ್ತೆ ಬಿತ್ತಬಹುದು, ಪಕ್ಕದವರಿಗೆ ಕೊಡಬಹುದು. ಬ್ರ್ಯಾಂಡ್ ಹಾಕಿ ಮಾತ್ರ ಮಾರಬಾರದು. ಬೀಜಕ್ಕೆ ಇರೋ ಈ ನ್ಯಾಯ ದುಡ್ಡು ಕೊಟ್ಟು ತಗೊಂಡ ಫೋನಿನ ಸಾಫ್ಟ್‌ವೇರಿಗೆ ಇಲ್ಲ. ಅದೇ ಫೋನಿಗೆ ಅದೇ ಸಾಫ್ಟ್‌ವೇರ್ ಮತ್ತೆ ಹಾಕ್ಕೊಳ್ಳೋಕೂ ಕದ್ದು ಮುಚ್ಚಿ ಹುಡುಕಬೇಕು.

ದೆಹಲಿಯ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊದಲು ನೋಡಬೇಕಾದ ನಾಲ್ಕು ವಿಭಾಗಗಳಲ್ಲಿ ಕೃಷಿ ಉಪಕರಣವೂ ಇದೆ, ಮೊಬೈಲೂ ಇದೆ. ಅದೇ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ಬಂತು. ಆದ್ರೆ ಕೊಡಲೇಬೇಕು ಅನ್ನೋ ಕಾನೂನು ಇನ್ನೂ ಬಂದಿಲ್ಲ. ಯೂರೋಪಿನಲ್ಲಿ 2025ರ ಜೂನ್ 20ರಿಂದ ನಿಯಮ ಜಾರಿಗೆ ಬಂದಿದೆ: ಒಂದು ಮಾಡೆಲ್ ಮಾರೋದು ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಸಿಗಬೇಕು. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಇದು ಫೋನಿಗೆ ನಿಲ್ಲೋ ವಿಷಯ ಅಲ್ಲ. ಅಮೆರಿಕದಲ್ಲಿ ಟ್ರ್ಯಾಕ್ಟರ್ ಒಳಗೂ ಸಾಫ್ಟ್‌ವೇರ್ ಬೀಗ ಬಂದು, ಅಲ್ಲಿನ ಕೆಲವು ರೈತರು ಪೂರ್ವ ಯೂರೋಪ್ ಕಡೆಯಿಂದ ಬೀಗ ಒಡೆದ ಫರ್ಮ್‌ವೇರ್ ತರಿಸಿ ಹಾಕ್ಕೊಂಡ ಸುದ್ದಿ 2017ರಲ್ಲೇ ಬಂದಿತ್ತು. 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಇದೇ ರಿಪೇರಿ ವಿಷಯಕ್ಕೆ ಜಾನ್ ಡಿಯರ್ ಕಂಪನಿ ಮೇಲೆ ಕೇಸ್ ಹಾಕಿತು. ನಮ್ಮ ಪಂಪ್‌ಸೆಟ್ ಸ್ಟಾರ್ಟರಿಗೂ ಈಗ ಸಿಮ್ ಹಾಕ್ತಿದೀವಿ, ಡ್ರೋನ್ ಬಂದಿದೆ. ಇವತ್ತು ಫೋನಲ್ಲಿ ಸುಮ್ಮನಿದ್ದರೆ ನಾಳೆ ಕುಂಟೆಗೂ ಪಾಸ್‌ವರ್ಡ್ ಬರುತ್ತೆ.

ಕಂಪನಿಯವರ ಮಾತಲ್ಲೂ ಒಂದು ಸತ್ಯ ಇದೆ, ಮುಚ್ಚಿಡಲ್ಲ. ಹಳೇ ಸಾಫ್ಟ್‌ವೇರ್ ಮತ್ತೆ ಹಾಕಿದರೆ ಫೋನ್ ಹೊಸದಾಗಲ್ಲ. ಸುರಕ್ಷತೆಯ ಅಪ್‌ಡೇಟ್ ನಿಂತ ಫೋನು ಬೇಲಿ ಬಿದ್ದ ಹೊಲ. ಅದರಲ್ಲಿ ಫೋನ್‌ಪೇ, ಬ್ಯಾಂಕ್ ಆ್ಯಪ್ ಇಟ್ಕೋಬೇಡಿ. ನಾನು ತೆಗೆದಿದೀನಿ. ದುಡ್ಡಿನ ವ್ಯವಹಾರ ನಮ್ಮ ಮನೆಯಾಕೆ ಫೋನಲ್ಲಿ. ಇದು ಹೊಲದ ಫೋಟೋ, ಸಮೀಕ್ಷೆ, ಹವಾಮಾನ, ಕರೆಗೆ ಅಷ್ಟೇ. ಹಳೇ ಫೋನಿಗೆ ಹೊಸ ಆಂಡ್ರಾಯ್ಡ್ ಕೊಡೋ ಲಿನಿಯೇಜ್ ಓಎಸ್ ಅಂತ ಸ್ವಯಂಸೇವಕರು ಮಾಡಿದ್ದೂ ಇದೆಯಂತೆ. ಆದ್ರೆ ಎಲ್ಲಾ ಮಾಡೆಲಿಗೆ ಇಲ್ಲ, ಅದು ಹಾಕಿದ ಫೋನಲ್ಲಿ ಬ್ಯಾಂಕ್ ಆ್ಯಪ್‌ಗಳು ತಕರಾರು ಮಾಡ್ತವೆ.

ಫೋನ್ ರಿಪೇರಿಗೆ ಕೊಡೋ ಮುಂಚೆ ಇಷ್ಟು ಮಾಡಿ:

1. ಫೋನ್ ಚೆನ್ನಾಗಿರುವಾಗಲೇ *#06# ಒತ್ತಿ. ಬರೋ 15 ಅಂಕಿಯ ಐಎಂಇಐ ನಂಬರ್ ಪಹಣಿ ಕಟ್ಟಿನ ಜೊತೆ ಬರೆದಿಡಿ. ಎರಡು ಸಿಮ್ ಆದರೆ ಎರಡು ನಂಬರ್. ರಿಪೇರಿ ಆದಮೇಲೆ ಮತ್ತೆ ಒತ್ತಿ, ತಾಳೆ ನೋಡಿ. ಫೋನ್ ಕಳೆದರೂ ಸಿಇಐಆರ್ ಪೋರ್ಟಲಲ್ಲಿ ಬ್ಲಾಕ್ ಮಾಡಿಸೋಕೆ ಇದೇ ನಂಬರ್ ಬೇಕು.

2. ಬಿಲ್, ಡಬ್ಬ ಬಿಸಾಕಬೇಡಿ.

3. ಸಿಮ್, ಮೆಮೊರಿ ಕಾರ್ಡ್ ತೆಗೆದು ಕೊಡಿ.

4. ‘ನನ್ನ ಡೇಟಾ ಹೋಗುತ್ತಾ? ಹೋಗೋದಾದ್ರೆ ಕೇಳದೆ ಮುಟ್ಟಬೇಡ’ ಅಂತ ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ.

5. ಅಪ್‌ಡೇಟ್ ಒತ್ತೋದಾದರೆ ಚಾರ್ಜ್ ತುಂಬಿಸಿ ಒತ್ತಿ. ಬ್ಯಾಟರಿ ಹಳೇದಾದರೆ ಕರೆಂಟ್ ಗ್ಯಾರಂಟಿ ಇರೋ ಹೊತ್ತು ನೋಡಿ.

6. ಜೀಮೇಲ್ ವಿಳಾಸ, ಪಾಸ್‌ವರ್ಡ್ ನಿಮಗೆ ಗೊತ್ತಿರಲಿ, ಅದಕ್ಕೆ ನಿಮ್ಮದೇ ನಂಬರ್ ಸೇರಿಸಿ.

ಆರನೇದನ್ನ ಒಬ್ಬೊಬ್ಬರೇ ಮಾಡೋಕಾಗಲ್ಲ ಅನ್ನೋರು ಬರೋ ಶನಿವಾರ ಸಂಜೆ ಆಂಜನೇಯನ ಗುಡಿಗೆ ಫೋನ್ ತಗೊಂಡು ಬನ್ನಿ. ಭಜನೆಗೆ ಮುಂಚೆ ಒಂದು ಗಂಟೆ ಕೂರೋಣ. ಪೀಣ್ಯದ ಹುಡುಗನೂ ಬರ್ತೀನಿ ಅಂದಿದಾನೆ, ತಾನು ಹಾಕಿದ ಬೀಗ ತಾನೇ ಬದಲಾಯಿಸಿ ಕೊಡ್ತಾನಂತೆ. ಅವನನ್ನ ಯಾರೂ ಬೈಯೋ ಹಂಗಿಲ್ಲ. ಹೊಸ ಪಾಸ್‌ವರ್ಡ್ ಮಾತ್ರ ನೀವೇ ಯೋಚಿಸಿ ಹಾಕಿ, ನನಗೂ ಹೇಳಬೇಡಿ. ಹಾರ್ಮೋನಿಯಂ ಶ್ರುತಿ ಸರಿಯಾಗಿದೆ, ಬಂದು ಕೇಳಿ.

ಮಳೆ ಲೆಕ್ಕ ಹೋಗಿದ್ದು ಹೋಯ್ತು. ಈ ಪೇಜಲ್ಲಿ ಆಗಾಗ ಬರೆದದ್ದನ್ನ ಹೆಕ್ಕಿ ಕೆಲವು ತಿಂಗಳು ಸಿಕ್ಕಿವೆ, ಉಳಿದದ್ದು ಇಲ್ಲ. ನೀವು ಯಾರಾದರೂ ಯಾವುದೇ ವರ್ಷದ ಮಳೆ ಬರೆದಿಟ್ಟಿದ್ದರೆ ಶನಿವಾರ ತನ್ನಿ, ನೋಡಿ ಬರ್ಕೋತೀನಿ. ನಿನ್ನೆಯ 14 ಮಿ.ಮೀ. ಫೋನಲ್ಲೂ ಬರೆದೆ, ಅಡುಗೆಮನೆ ಬಾಗಿಲಲ್ಲಿ ನೇತಾಡೋ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮನೆಯಲ್ಲೂ ಪೆನ್ಸಿಲಲ್ಲಿ ಬರೆದೆ.